ಮೂಸಿದ ಹೂವಿನ ಚಿತ್ರ

ಹೂವಿನ ಚಿತ್ರ ಬರೆಯುವುದು ತಣ್ಣಗಿನ ಮನಸ್ಸಿನವರ ಕೆಲಸ ಅನ್ನುವವರು ನಮ್ಮ ಮನೆಯಲ್ಲಿ ಒಂದು ವಾರ ಇದ್ದು ನೋಡಬೇಕು. ಒಂದೇ ಒಂದು ಹೂವಿನ ಚಿತ್ರ ಮುಗಿಸಲು ನಾನು ಬೇಸಿಗೆಯಿಂದ ಚಳಿಗಾಲದವರೆಗೆ ಒದ್ದಾಡಿದೆ. ಆ ಅವಧಿಯಲ್ಲಿ ಬಂದಷ್ಟು ಸಿಟ್ಟು ಇಡೀ ನೌಕರಿಯಲ್ಲಿ ನನಗೆ ಬಂದಿರಲಿಲ್ಲ.

ನಾನು ಹುನಗುಂದದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಮನೆ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಡ್ರಾಯಿಂಗ್ ಟೀಚರ್ ಅಂದರೆ ಧ್ವಜವಂದನೆಗೆ ರಂಗೋಲಿ ಹಾಕುವವಳು, ಸಾಹೇಬರು ಬಂದರೆ ಹಲಗೆಯ ಮೇಲೆ ‘ಸುಸ್ವಾಗತ’ ಬರೆಯುವವಳು, ಗಣಿತದವರು ರಜೆ ಹಾಕಿದರೆ ಆ ತಾಸಿಗೆ ಹೋಗಿ ಗದ್ದಲ ಅಡಗಿಸುವವಳು. ಶಾಲೆಯಲ್ಲಿ ಎಲ್ಲರಿಗೂ ಇದೇ ತಿಳಿವಳಿಕೆ. ಇಷ್ಟು ವರ್ಷದಲ್ಲಿ ನನ್ನ ಹೆಸರು ಹೊತ್ತ ಒಂದು ಚಿತ್ರ ಯಾವ ಗೋಡೆಗೂ ಏರಿರಲಿಲ್ಲ. ಹಾಗಾಗಿ ಜಿಲ್ಲೆಯ ಡ್ರಾಯಿಂಗ್ ಮಾಸ್ತರರೆಲ್ಲ ಸೇರಿ ಬರುವ ಚಳಿಗಾಲದಲ್ಲಿ ಬಾದಾಮಿಯಲ್ಲಿ ಒಂದು ಪ್ರದರ್ಶನ ಮಾಡೋಣ, ಒಬ್ಬೊಬ್ಬರದು ಒಂದೊಂದು ಚಿತ್ರ ಎಂದು ಮಾತಾದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ನಾನು. ಈ ಸಲ ತಪ್ಪಿದರೆ ನಿವೃತ್ತಿಯ ತನಕ ಸುಸ್ವಾಗತವೇ ಗತಿ ಎಂದು ನನಗೆ ಖಾತ್ರಿಯಿತ್ತು.

ಬಾದಾಮಿಯಲ್ಲಿ ಪ್ರದರ್ಶನ ಎಂದ ಕೂಡಲೇ ಉಳಿದವರು ಏನು ಬರೆಯುತ್ತಾರೆ ಎಂಬುದನ್ನು ಕೇಳಬೇಕಾಗಿಯೇ ಇರಲಿಲ್ಲ. ಕೆಂಪು ಬಂಡೆ, ಹೊಂಡ, ಹೊಂಡದ ದಂಡೆಯ ಗುಡಿ, ನೀರಿನಲ್ಲಿ ಗುಡಿಯ ನೆರಳು. ಆ ಗುಡಿಯ ನೆರಳನ್ನು ನಮ್ಮ ಜಿಲ್ಲೆಯವರು ಬರೆದಷ್ಟು ಸಲ ಆ ಗುಡಿಯೇ ನೀರಿನಲ್ಲಿ ನೋಡಿಕೊಂಡಿರಲಿಕ್ಕಿಲ್ಲ. ನಾನು ಹೂ ಬರೆಯುತ್ತೇನೆ ಎಂದೆ. ಪಾಪ, ಹೆಣ್ಣುಮಗಳು, ಬರೆಯಲಿ ಎನ್ನುವ ಮುಖ ಮಾಡಿ ಎಲ್ಲರೂ ತಲೆಯಾಡಿಸಿದರು.

ಅವರ ಆ ಮುಖ ನನಗೆ ಹೊಸದಲ್ಲ. ಚಿತ್ರಕಲೆ ಕಲಿಯುವಾಗ ಗ್ರಂಥಾಲಯದಲ್ಲಿ ದಪ್ಪನೆಯ ಒಂದು ಪುಸ್ತಕ ಸಿಕ್ಕಿತ್ತು. ಸುಮಾರು ಇನ್ನೂರು ವರ್ಷದ ಹಿಂದೆ, ರೊಮ್ಯಾಂಟಿಕ್ ಕಾಲ ಎಂದು ಕರೆಯುತ್ತಾರಲ್ಲ, ಆಗ ಯುರೋಪಿನಲ್ಲಿ ಬರೆದ ಹೂವಿನ ಚಿತ್ರಗಳು ಅದರಲ್ಲಿದ್ದವು. ದೊಡ್ಡ ದೊಡ್ಡ ಚಿತ್ರಗಾರರು ಬಿರುಗಾಳಿ, ಮುಳುಗುವ ಹಡಗು, ಪಾಳು ಕೋಟೆ ಎಂದು ಗೋಡೆಯಷ್ಟಗಲದ ಚಿತ್ರ ಬರೆಯುತ್ತಿದ್ದಾಗ ಇನ್ನು ಕೆಲವರು ಮೂಲೆಯಲ್ಲಿ ಕೂತು ಹೂದಾನಿ ನೋಡಿಕೊಂಡು ಹೂ ಬರೆಯುತ್ತಿದ್ದರು. ಅಂದಿನ ಪಂಡಿತರ ಪಂಕ್ತಿಯಲ್ಲಿ ಹೂವಿನ ಚಿತ್ರಕ್ಕೆ ಕಟ್ಟಕಡೆಯ ಎಲೆ. ಮನುಷ್ಯರ ಮೈ ನೋಡಿ ಬರೆಯುವ ತರಗತಿಗೆ ಹೆಣ್ಣುಮಕ್ಕಳನ್ನು ಬಿಡುತ್ತಿರಲಿಲ್ಲವಾದ್ದರಿಂದ ಅವರಲ್ಲಿ ಬಹಳ ಜನ ಹೂವಿಗೆ ಬಂದರು. ಆದರೆ ಏನು ಬರೆದರು ಅಂತೀರಿ! ಹಿಂದೆ ಗವ್ವೆನ್ನುವ ಕತ್ತಲು, ಮುಂದೆ ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಉದುರಿದ ಎರಡು ಎಸಳು, ಎಸಳಿನ ಮೇಲೆ ಒಂದು ಹನಿ, ಹನಿಯ ಪಕ್ಕ ಒಂದು ನೊಣ. ಹೂ ಈಗಲೋ ಆಗಲೋ ಬಾಡುತ್ತದೆ ಎನ್ನುವುದು ನೋಡುವವರ ಎದೆಗೆ ತಾಗಬೇಕು, ಹಾಗೆ.

ಆ ಚಿತ್ರಗಳಲ್ಲಿ ಇನ್ನೊಂದು ಮಜವಿತ್ತು. ವಸಂತದ ಹೂವೂ ಮಾಗಿಯ ಹೂವೂ ಒಂದೇ ಹೂದಾನಿಯಲ್ಲಿ ಇರುತ್ತಿದ್ದವು. ಅಂಥ ಗೊಂಚಲು ಯಾರ ಮನೆಯ ಮೇಜಿನ ಮೇಲೂ ಎಂದೂ ಇದ್ದದ್ದಲ್ಲ. ಕೆಲವರು ಕ್ಯಾನ್ವಾಸಿನ ಮೇಲೆ ಜಾಗ ಖಾಲಿ ಬಿಟ್ಟುಕೊಂಡು, ಯಾವ ಹೂ ಯಾವಾಗ ಅರಳುತ್ತದೋ ಆಗ ಅದನ್ನು ಕಣ್ಣೆದುರು ಇಟ್ಟುಕೊಂಡು ಬರೆದು, ಮುಂದಿನದಕ್ಕೆ ಕಾಯುತ್ತಿದ್ದರಂತೆ. ನಾನೂ ಹಾಗೇ ಮಾಡುವುದು, ನಮ್ಮ ಹೂಗಳಿಂದ ಮಾಡುವುದು ಎಂದು ಹಟ ಹಿಡಿದೆ. ಬೇಸಿಗೆಗೆ ಮಲ್ಲಿಗೆ, ಮಳೆಗೆ ಕೇದಗೆ, ದಸರೆಗೆ ಸೇವಂತಿಗೆ, ನಡುಮಧ್ಯದಲ್ಲಿ ಎತ್ತರಕ್ಕೆ ಸುಗಂಧರಾಜದ ದಂಟು. ಅಮೃತಶಿಲೆಯ ಕಟ್ಟೆ ಎಲ್ಲಿಂದ ತರಲಿ, ಅಡುಗೆಮನೆಗೆ ಹಾಕಿಸಿ ಉಳಿದಿದ್ದ ಇಳಕಲ್ಲಿನ ಕೆಂಪು ಕಲ್ಲಿನ ತುಂಡನ್ನು ಪಡಸಾಲೆಯ ಕಿಟಕಿಯ ಹತ್ತಿರ ಮೇಜಿನ ಮೇಲೆ ಇಟ್ಟೆ.

ಎಲ್ಲಾ ಸರಿ. ಮನೆಯಲ್ಲಿ ಅತ್ತೆ ಇದ್ದಾರೆ ಎನ್ನುವುದನ್ನು ಮಾತ್ರ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ನಮ್ಮತ್ತೆಗೆ ದಿನಾ ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡದೆ ಗಂಟಲಲ್ಲಿ ನೀರು ಇಳಿಯುವುದಿಲ್ಲ. ಪೂಜೆಗೆ ಅವರದೇ ಅಂಗಳದ ಹೂ ಆಗಬೇಕು. ಹಳೇ ಬಾಗಲಕೋಟೆಯ ಮನೆ ಅಣೆಕಟ್ಟಿನ ಹಿನ್ನೀರಿಗೆ ಹೋದಾಗ ಉಳಿದವರು ಬಾಗಿಲು, ತೊಲೆ ಎಂದು ಬಿಚ್ಚಿಕೊಳ್ಳುತ್ತಿದ್ದರೆ ಇವರು ಸುಗಂಧರಾಜದ ಗಡ್ಡೆ ಅಗೆದು ಸೀರೆಯ ತುಂಡಿನಲ್ಲಿ ಕಟ್ಟಿಕೊಂಡು ಬಂದವರು. ಇನ್ನು ಎಲ್ಲಿಯದೇ ಆಗಲಿ, ಮನೆಯ ಹೊಸ್ತಿಲು ದಾಟಿ ಒಳಗೆ ಬಂದ ಹೂ ಮೊದಲು ದೇವರದು ಎನ್ನುವುದು ಅವರ ಕಾನೂನು. ನಾನು ಮೊದಲ ದಿನ ಮಲ್ಲಿಗೆಯ ಟೊಂಗೆ ಮುರಿದು ತಂಬಿಗೆಯಲ್ಲಿ ಇಟ್ಟು, ರೇಖೆ ಎಳೆದು, ಬಣ್ಣ ಕಲಸಿಟ್ಟು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಹೂವೂ ಇಲ್ಲ, ತಂಬಿಗೆಯೂ ಇಲ್ಲ. ಮಲ್ಲಿಗೆ ಲಿಂಗದ ಮೇಲಿತ್ತು. ತಂಬಿಗೆಯೂ ದೇವರದೇ ಅಂತೆ.

"ಮನ್ಯಾಗ ಇಷ್ಟು ಹೂ ಇಟ್ಕೊಂಡು ದೇವರಿಗೆ ಬರೇ ಪತ್ರಿ ಏರಿಸ್ಲೇನವಾ?" ಎಂದರು ಅತ್ತೆ.

ಆಮೇಲೆ ಪೇಟೆಯಿಂದ ಗುಲಾಬಿ ತಂದೆ. ಅದೂ ಹೋಯಿತು. ಪೂಜೆ ಮುಗಿದ ಮೇಲೆ, ನೋಡಲಿಕ್ಕೆ ತಾನೇ ಬೇಕು, ತಗೋ ಎಂದು ಧಾರಾಳವಾಗಿ ಅದನ್ನು ನನ್ನ ಕೈಗೆ ಕೊಟ್ಟರು. ನನಗೆ ಬೇಕಾಗಿದ್ದದ್ದು ಇಬ್ಬನಿಯ ಹನಿ ಕೂತ ಗುಲಾಬಿ. ಸಿಕ್ಕಿದ್ದು ವಿಭೂತಿ ಮೆತ್ತಿ, ನೀರಿನಲ್ಲಿ ತೋಯ್ದು ಮುದ್ದೆಯಾದ ಗುಲಾಬಿ. ತಂಬಿಗೆ, ಗಿಂಡಿ, ತಾಮ್ರದ ಚೊಂಬು, ಯಾವುದು ಮುಟ್ಟಿದರೂ ದೇವರದು. ಕೊನೆಗೆ ಉಪ್ಪಿನಕಾಯಿಯ ಭರಣಿ ಸಿಕ್ಕಿತು. ಎಷ್ಟು ತೊಳೆದರೂ ಅದರ ಇಂಗಿನ ವಾಸನೆ ಹೋಗಲಿಲ್ಲ. ಚಿತ್ರದಲ್ಲಿ ವಾಸನೆ ಬರುವುದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಬುದ್ಧಿ ಹೇಳುವವರಿಗೇನೂ ಬರವಿರಲಿಲ್ಲ. ಫೋನಿನಲ್ಲಿ ಫೋಟೋ ಹೊಡೆದುಕೊಂಡು ನೋಡಿ ಬರೆ, ಅವ್ವನ ಜೊತೆ ಯಾಕೆ ಜಗಳ ಎಂದರು ನಮ್ಮ ಯಜಮಾನರು. ಅವರಿಗೆ ನಾನು ಅರ್ಧ ತಾಸು ಕೂತು ಹೇಳಿದೆ. ಫೋಟೋದಲ್ಲಿ ಹೂ ಸತ್ತೇ ಹುಟ್ಟುತ್ತದೆ, ಕಣ್ಣೆದುರಿನ ಹೂ ನಾವು ಬರೆಯುತ್ತಿದ್ದಂತೆಯೇ ಬಾಗುತ್ತದೆ, ಬಿರಿಯುತ್ತದೆ, ಆ ಅವಸರವೇ ಚಿತ್ರಕ್ಕೆ ಜೀವ ಕೊಡುತ್ತದೆ ಎಂದು. ಎಲ್ಲ ಕೇಳಿಸಿಕೊಂಡು, ಖರೆ ಅದ ಎಂದು ಒಪ್ಪಿಕೊಂಡು, ಚಹಾ ಮಾಡ್ತೀಯೇನು ಎಂದರು. ಶಾಲೆಯ ಹೆಡ್‌ಮಾಸ್ತರರು ಇನ್ನೂ ಒಂದು ಹೆಜ್ಜೆ ಮುಂದೆ. ತಮ್ಮ ಮೇಜಿನ ಮೇಲಿನ ಪ್ಲಾಸ್ಟಿಕ್ ಹೂಗಳನ್ನು, ಧೂಳಿನ ಸಮೇತ, ಹೂದಾನಿಯೊಂದಿಗೇ ಎತ್ತಿ ನನ್ನ ಮುಂದೆ ಇಟ್ಟು, ಇವು ಬಾಡುವುದಿಲ್ಲ ಟೀಚರ್, ಯಾವಾಗ ಬೇಕಾದರೂ ಬರೆಯಬಹುದು ಎಂದರು. ಬಾಡದ ಹೂವನ್ನು ಬರೆಯುವುದು ಏಕೆ ಎನ್ನುವ ಪ್ರಶ್ನೆ ನನ್ನ ನಾಲಿಗೆಯ ತುದಿಯವರೆಗೆ ಬಂದು ವಾಪಸು ಹೋಯಿತು.

ಒಂದು ದಿನ ಬಸ್ಸಿನಲ್ಲಿ ಕೂತಿದ್ದಾಗ ಥಟ್ಟನೆ ಒಂದು ಉಪಾಯ ಹೊಳೆಯಿತು. ಚಿಕ್ಕವಳಿದ್ದಾಗ ಇಳಕಲ್ಲಿನ ತವರುಮನೆಯಲ್ಲಿ ಪೂಜೆಯ ಬುಟ್ಟಿಯ ಹೂವನ್ನು ಮೂಸಿ ನೋಡಿದ್ದಕ್ಕೆ ನಮ್ಮವ್ವ ಬೆನ್ನಿಗೊಂದು ಕೊಟ್ಟಿದ್ದಳು. ಮೂಸಿದ ಹೂ ಎಂಜಲು, ದೇವರಿಗೆ ಏರಿಸುವ ಹಾಗಿಲ್ಲ. ಮರುದಿನ ಬೆಳಿಗ್ಗೆ ಅತ್ತೆ ಬುಟ್ಟಿ ಹಿಡಿದು ಅಂಗಳಕ್ಕೆ ಬರುವಷ್ಟರಲ್ಲಿ ನಾನು ದಾಸವಾಳದ ಗಿಡದ ಮುಂದೆ ನಿಂತು, ನನಗೆ ಬೇಕಾದ ಹೂಗಳಿಗೆಲ್ಲ ಒಂದೊಂದಾಗಿ ಮೂಗು ಹಚ್ಚಿ, ಕೇಳಿಸುವ ಹಾಗೆ ಉಸಿರು ಎಳೆಯುತ್ತಿದ್ದೆ.

"ಏನ ಮಾಡಾಕ ಹತ್ತೀವಾ?"

"ವಾಸನಿ ನೋಡಾಕ ಹತ್ತೀನ್ರಿ."

ದಾಸವಾಳಕ್ಕೆ ಎಂಥಾ ವಾಸನೆ? ಅದು ಅವರಿಗೂ ಗೊತ್ತು, ನನಗೂ ಗೊತ್ತು. ಆದರೆ ಮೂಗು ತಾಗಿದ್ದನ್ನು ಅವರು ಕಣ್ಣಾರೆ ಕಂಡಾಗಿತ್ತು. ಮುಟ್ಟದೆ ಮುಂದೆ ಹೋದರು. ಅವತ್ತು ರವಿವಾರ, ದಾಸವಾಳ ಮುದುಡುವುದರೊಳಗೆ ನಾನು ಅದನ್ನು ಮುಗಿಸಿದೆ. ಮಾರನೆಯ ದಿನ ಅತ್ತೆ ನನಗಿಂತ ಮೊದಲು ಎದ್ದರು. ಅದರ ಮಾರನೆಯ ದಿನ ನಾನು ಅವರಿಗಿಂತ ಮೊದಲು. ಹೀಗೆ ಪೈಪೋಟಿ ನಡೆದು ಕಣ್ಣಿಗೆ ನಿದ್ದೆಯೇ ಇಲ್ಲದಂತಾದಾಗ ನಾನು ಸಂಜೆಯೇ ಮೊಗ್ಗುಗಳನ್ನು ಮೂಸಿಡತೊಡಗಿದೆ. ಅದಕ್ಕೆ ಅತ್ತೆ, ಅರಳದ ಹೂವಿಗೆ ಮೂಸಿದ ದೋಷ ತಟ್ಟುವುದಿಲ್ಲ ಎಂದು ತೀರ್ಪು ಕೊಟ್ಟರು. ಹಾಗಂತ ಯಾರು ಹೇಳಿದರು ಎಂದು ಕೇಳಿದೆ. ತಮ್ಮ ಅವ್ವ ಹೇಳಿದ್ದು ಎಂದರು. ಎಂದೋ ತೀರಿಹೋದವರನ್ನು ಸಾಕ್ಷಿಗೆ ಕರೆದರೆ ಯಾರು ವಾದ ಮಾಡುತ್ತಾರೆ?

ಅವರ ಅವ್ವ ಇನ್ನೂ ಏನೇನೋ ಹೇಳಿ ಹೋಗಿದ್ದರು. ಅತ್ತೆ ಹೂ ಹರಿಯುವಾಗ ಮುಖ ಒಂದು ಕಡೆ ತಿರುಗಿಸಿಕೊಂಡೇ ಹರಿಯುತ್ತಿದ್ದರು. ಮಾಲೆ ಕಟ್ಟಲು ಕೂತರೆ ಸೆರಗಿನ ತುದಿಯನ್ನು ಮೂಗಿನ ಮೇಲೆ ಎಳೆದುಕೊಳ್ಳುತ್ತಿದ್ದರು. ದೇವರ ಹೂವಿನ ವಾಸನೆ ಮೊದಲು ದೇವರಿಗೆ. ಪೂಜೆಯಾದ ಮೇಲೆ ಆ ಹೂವನ್ನು ಕಣ್ಣಿಗೆ ಒತ್ತಿಕೊಂಡು ಗಿಡದ ಬುಡಕ್ಕೆ ಹಾಕುತ್ತಿದ್ದರು. ಒಮ್ಮೆ ನಾನು ಚೇಷ್ಟೆಗೆ, ತಲೆಗೆ ಮುಡಿದದ್ದಾದರೂ ವಾಸನೆ ಬರುತ್ತಿರಲಿಲ್ಲವೇ ಎಂದು ಕೇಳಿದೆ. ಮುಡಿದ ಹೂವಿನ ವಾಸನೆ ಹಿಂದೆ ಕೂತವರಿಗೆ ಎಂದರು. ಮಾವನವರು ಹೋದ ಮೇಲೆ ಮುಡಿಯುವುದನ್ನೂ ಬಿಟ್ಟಿದ್ದರು. ಅವರ ಆ ಸೆರಗು, ಆ ತಿರುಗಿಸಿದ ಮುಖ ಎಲ್ಲ ನನ್ನನ್ನು ಅಣಕಿಸಲಿಕ್ಕೇ ಮಾಡುವ ನಾಟಕ ಎಂದು ಎಷ್ಟೋ ಸಲ ನನಗೆ ಅನಿಸುತ್ತಿತ್ತು. ಒಂದು ಬೆಳಿಗ್ಗೆ ನಾನು ನನ್ನ ಪಾಲಿನ ಹೂಗಳನ್ನು ಮೂಸುತ್ತಾ ಹೋಗುತ್ತಿದ್ದಾಗ ಬುಟ್ಟಿ ಹಿಡಿದು ನಿಂತಿದ್ದವರು ಕೇಳಿದರು:

"ಎಲ್ಲಾದರ ವಾಸನಿ ಬ್ಯಾರೆ ಬ್ಯಾರೆ ಇರ್ತದೇನು?"

ಇದೂ ಒಂದು ಚುಚ್ಚುಮಾತು ಎಂದುಕೊಂಡು, ನೀವೇ ನೋಡಿ ಎಂದು ಬಿರುಸಾಗಿ ಅಂದೆ. ಅವರು ಕಣಗಿಲೆಯ ಕಡೆ ನಡೆದರು.

ಮಳೆಗಾಲ ಬಂತು. ಕೇದಗೆ ಶಿವನಿಗೆ ಸಲ್ಲದ ಹೂವೆಂದು ಎಲ್ಲರಿಗೂ ಗೊತ್ತು. ಸುಳ್ಳು ಸಾಕ್ಷಿ ಹೇಳಿ ಶಾಪ ತಿಂದದ್ದಂತೆ. ಇದೊಂದನ್ನಾದರೂ ಮೂಸದೆ, ಜಗಳವಾಡದೆ, ನೆಮ್ಮದಿಯಿಂದ ಬರೆಯಬಹುದು ಎಂದು ತವರಿನಿಂದ ತರಿಸಿ ಭರಣಿಯಲ್ಲಿಟ್ಟು ಶಾಲೆಗೆ ಹೋದೆ. ಸಂಜೆ ಬಂದರೆ ಭರಣಿ ಖಾಲಿ. ಈ ಸಲ ದೇವರಲ್ಲ, ಬಾಜೂ ಮನೆಯ ಹುಡುಗಿ. ಬಸುರಿಗೆ ಕುಬಸ ಮಾಡುತ್ತಿದ್ದಾರೆ, ಜಡೆಗೆ ಕೇದಗೆ ಸಿಗಲಿಲ್ಲ ಎಂದು ಒದ್ದಾಡುತ್ತಿದ್ದರು, ಕೊಟ್ಟೆ ಎಂದರು ಅತ್ತೆ. ನನಗೆ ತಲೆ ಕೆಟ್ಟು ಹೋಯಿತು. ಸ್ಕೆಚ್ ಪುಸ್ತಕ, ಬಣ್ಣದ ಪೆಟ್ಟಿಗೆ ಎತ್ತಿಕೊಂಡು ನೇರ ಕುಬಸದ ಮನೆಗೆ ಹೋದೆ. ಹೋದವಳು ಬಸುರಿಯ ಬೆನ್ನ ಹಿಂದೆ ಮಣೆ ಹಾಕಿಕೊಂಡು ಕೂತು ಅವಳ ಜಡೆಯ ಕೇದಗೆ ಬರೆದುಕೊಂಡೆ. ಟೀಚರ್ ತನ್ನ ಚಿತ್ರ ಬರೆಯುತ್ತಿದ್ದಾರೆ ಎಂದು ಆ ಹುಡುಗಿ ಪದೇ ಪದೇ ನನ್ನ ಕಡೆ ತಿರುಗಿ ನಗುತ್ತಿದ್ದಳು. ಆ ಕಡೆ ತಿರುಗವಾ ಎಂದು ನಾನು ಪದೇ ಪದೇ ಗೋಗರೆಯುತ್ತಿದ್ದೆ. ಆರತಿ ಎತ್ತಲು ಬಂದವರೆಲ್ಲ ನನ್ನನ್ನು ದಾಟಿಕೊಂಡೇ ಹೋಗಬೇಕಾಯಿತು. ಊಟವನ್ನು ಮಾತ್ರ ಚೆನ್ನಾಗಿಯೇ ಬಡಿಸಿದರು.

ದಸರೆಗೆ ಬೇವೂರಿನ ಸಹೋದ್ಯೋಗಿಯೊಬ್ಬರು ತಮ್ಮ ಹೊಲದ ಸೇವಂತಿಗೆ ಕೊಟ್ಟರು. ಅದನ್ನು ಮನೆಗೆ ಒಯ್ಯುವ ಧೈರ್ಯವಾಗದೆ ಶಾಲೆಯಲ್ಲೇ ಊಟದ ಬಿಡುವಿನಲ್ಲಿ ಬರೆದೆ. ಅಂತೂ ಕ್ಯಾನ್ವಾಸು ತುಂಬುತ್ತಾ ಬಂತು. ಉಳಿದದ್ದು ನಡುಮಧ್ಯದ ಜಾಗ, ಸುಗಂಧರಾಜದ್ದು. ಪ್ರದರ್ಶನ ಹತ್ತಿರ ಬಂದಿತ್ತು. ಒಂದು ದಂಟನ್ನು ಕತ್ತರಿಸಿ, ಅತ್ತೆಯ ಕಣ್ಣೆದುರೇ ಪ್ರತಿಯೊಂದು ಹೂವನ್ನೂ ಮೂಸಿ, ಆದರೂ ನಂಬಿಕೆ ಸಾಲದೆ ಬಚ್ಚಲುಮನೆಯ ಬಕೀಟಿನಲ್ಲಿ ಬಚ್ಚಿಟ್ಟುಕೊಂಡು ಬರೆದೆ. ಬಿಳಿಯ ಬಣ್ಣವನ್ನು ದಪ್ಪಗೆ, ಎಸಳು ಎದ್ದು ಕಾಣುವ ಹಾಗೆ ಹಚ್ಚಿದೆ. ತೈಲವರ್ಣ, ಬೇಗ ಒಣಗುವುದಿಲ್ಲ. ಕೆಳಗೆ ಕೆಂಪು ಕಲ್ಲಿನ ಮೇಲೆ ಉದುರಿದ ಎರಡು ಎಸಳು ಮತ್ತು ಒಂದು ನೊಣವನ್ನೂ ಇಟ್ಟೆ. ಒಳ್ಳೆಯ ಹೂಗಳ ನಡುವೆ ನೊಣ ಯಾಕೆ ಎಂದು ಅತ್ತೆಯೂ ಕೇಳಿದರು, ಯಜಮಾನರೂ ಕೇಳಿದರು. ನಾನು ಬ್ರಷ್ಷು ತೊಳೆದಿಟ್ಟೆ.

ಚಿತ್ರವನ್ನು ಬಾದಾಮಿಗೆ ಒಯ್ಯುವ ಹಿಂದಿನ ದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ಸುಗಂಧರಾಜದ ಮೇಲ್ತುದಿಯ ದೊಡ್ಡ ಹೂ ಇರಲಿಲ್ಲ. ಅದಿದ್ದ ಜಾಗದಲ್ಲಿ ಚಪ್ಪಟೆಯಾಗಿ ಒರೆಸಿಹೋದ ಒಂದು ಬಿಳಿ ಕಲೆ. ಬೇಸಿಗೆಯಿಂದ ಕಾಯ್ದುಕೊಂಡು ಬಂದ ಚಿತ್ರದ ನೆತ್ತಿಯ ಮೇಲೇ ಯಾರೋ ಉಜ್ಜಿದ್ದರು. ಹಲ್ಲಿಯೋ, ಒಣಹಾಕಿದ ಟವೆಲ್ಲೋ ಎಂದು ಗೋಡೆ, ಕಿಟಕಿ ಎಲ್ಲ ನೋಡಿದೆ. ಯಜಮಾನರು, ತಾನು ಆ ಕಡೆ ಹಾಯ್ದೇ ಇಲ್ಲ ಎಂದು ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಆಣೆ ಮಾಡಿದರು. ಉಳಿದವರು ಒಬ್ಬರೇ. ಇವತ್ತು ಬಿಡುವುದಿಲ್ಲ, ಒಂದು ವರ್ಷದ್ದೆಲ್ಲ ಸೇರಿಸಿ ಕೇಳಿಯೇ ಬಿಡುತ್ತೇನೆ ಎಂದು ದೇವರ ಮನೆಗೆ ನುಗ್ಗಿದೆ.

ಅತ್ತೆ ಪೂಜೆಗೆ ಕೂತಿದ್ದರು. ಪೂಜೆಯ ನಡುವೆ ಅವರು ಮಾತಾಡುವುದಿಲ್ಲ, ಮಾತಾಡಿಸುವಂತೆಯೂ ಇಲ್ಲ. ಬಾಗಿಲಿಗೆ ಒರಗಿ, ಹಲ್ಲು ಕಚ್ಚಿಕೊಂಡು ನಿಂತೆ. ಅಂಗೈಯ ಲಿಂಗದ ಮೇಲೆ ಒಂದು ಸುಗಂಧರಾಜದ ಹೂ. ಹಣೆಯ ತುಂಬ ವಿಭೂತಿ. ಮೂಗಿನ ತುದಿಯ ಮೇಲೂ ಒಂದಿಷ್ಟು ಉದುರಿತ್ತು. ಪೂಜೆ ಮುಗಿಯಿತು, ಹೂವನ್ನು ಕಣ್ಣಿಗೆ ಒತ್ತಿಕೊಂಡರು, ಸೆರಗಿನಿಂದ ಮುಖ ಒರೆಸಿಕೊಂಡರು. ಹಣೆಯದು ಹೋಯಿತು. ಮೂಗಿನದು ಹೋಗಲಿಲ್ಲ. ಸ್ವಲ್ಪ ಮಿಂಚುತ್ತಿತ್ತು ಕೂಡ.

ಅದು ವಿಭೂತಿಯಲ್ಲ, ನನ್ನ ಬಣ್ಣ ಎಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಕೈ ತಾಗಿದ್ದರೆ ಬಣ್ಣ ಬೆರಳಿಗಿರಬೇಕಿತ್ತು. ಸೆರಗು ತಾಗಿದ್ದರೆ ಸೆರಗಿಗೆ. ಮೂಗಿಗೆ ಏನು ಹತ್ತಿದೆ ಎಂದಷ್ಟೇ ಕೇಳಿದೆ. ಅವರು ಮುಟ್ಟಿ ನೋಡಿಕೊಂಡರು, ಬೆರಳಿನ ಬಿಳುಪು ನೋಡಿದರು, ಸಣ್ಣ ಹುಡುಗಿಯ ಹಾಗೆ ತಲೆ ತಗ್ಗಿಸಿದರು.

"ಅದು ದೇವರಿಗೆ ಏರ್ಸೂ ಹೂ ಅಲ್ಲಲ್ಲವಾ, ಅದಕ್ಕ ನೋಡಿದ್ನಿ," ಎಂದರು. ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಹೇಳಿದರು: "ಬರೇ ಎಣ್ಣಿ ವಾಸನಿ ಬಂತು."

ನನಗೆ ಅಳು ಬಂತು. ಸಿಟ್ಟಿಗೋ ಎಂಥದಕ್ಕೋ ಹೇಳಲಾರೆ. ಎಪ್ಪತ್ತು ದಾಟಿದ ಹೆಂಗಸು, ಹುಟ್ಟಿದಾಗಿನಿಂದ ದಿನಾ ಬುಟ್ಟಿ ತುಂಬ ಹೂ ಹರಿದವರು, ಮೂಗು ಹಚ್ಚಿ ನೋಡಿದ ಮೊದಲ ಹೂ ನಾನು ಬರೆದದ್ದು. ಅದರಲ್ಲಿ ಬಣ್ಣ ಕಲಸುವ ಅಗಸೆ ಎಣ್ಣೆಯಲ್ಲದೆ ಬೇರೆ ಏನೂ ಇರಲಿಲ್ಲ.

ಚಿತ್ರ ಬಾದಾಮಿಗೆ ಹೋಯಿತು, ನನ್ನ ಹೆಸರಿನ ಚೀಟಿಯೊಂದಿಗೆ ಗೋಡೆಗೂ ಏರಿತು. ಎಡಕ್ಕೊಂದು ಹೊಂಡ, ಬಲಕ್ಕೊಂದು ಹೊಂಡ, ನಡುವೆ ನನ್ನ ಭರಣಿ. ನೋಡಲು ಬಂದವರಲ್ಲಿ ಹೆಚ್ಚಿನವರು ನೊಣ ಯಾಕೆ ಎಂದು ಕೇಳಿದರು. ಅತ್ತೆಯ ಮೂಗಿನ ಗುರುತನ್ನು ಹಾಗೇ ಬಿಡುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಒರೆಸಿಹೋದ ಹೂವನ್ನು ಕೆರೆದು ತೆಗೆದು ಮತ್ತೆ ಬರೆದೇ ಒಯ್ದೆ. ಮತ್ತೆ ಬರೆಯಬೇಕಾದರೆ ಕಣ್ಣೆದುರು ಮತ್ತೊಂದು ಹೂ ಬೇಕಲ್ಲ. ಬಕೀಟಿನಲ್ಲಿದ್ದದ್ದು ಆಗಲೇ ಬಾಡಿತ್ತು, ಪಾತಿಯಲ್ಲಿದ್ದದ್ದು ಅವತ್ತಿನ ಪೂಜೆಗೆ ಹೋಗಿತ್ತು. ಹಾಗಾಗಿ ಹೊರಡುವ ದಿನ ಬೆಳಿಗ್ಗೆ, ಇಷ್ಟೊತ್ತಿಗೆ ಎಲ್ಲ ಬುಟ್ಟಿಗೆ ಸೇರಿರುತ್ತದೆ ಎಂದು ಗೊಣಗುತ್ತಲೇ ಅಂಗಳಕ್ಕೆ ಇಳಿದೆ.

ಹಳೇ ಊರಿನಿಂದ ಬಂದ ಗಡ್ಡೆಗಳ ಆ ಪಾತಿಯಲ್ಲಿ ಒಂದು ದಂಟು ಹಾಗೇ ನಿಂತಿತ್ತು. ಉಳಿದವೆಲ್ಲ ಬೋಳು. ಅತ್ತೆ ಬುಟ್ಟಿ ಹಿಡಿದುಕೊಂಡು, ನನಗೂ ತಮಗೂ ಏನೂ ಸಂಬಂಧವಿಲ್ಲ ಎನ್ನುವ ಹಾಗೆ ರಸ್ತೆಯ ಕಡೆ ನೋಡುತ್ತಾ ನಿಂತಿದ್ದರು. ನಾನು ದಂಟು ಕತ್ತರಿಸಿದೆ. ತುದಿಯ ಹೂವಿಗೆ, ವರ್ಷವಿಡೀ ಮಾಡಿದ ಹಾಗೆ, ಕೇಳಿಸುವಷ್ಟು ಜೋರಾಗಿ ಉಸಿರೆಳೆದು ಮೂಗು ಹಚ್ಚಿದೆ. ಆಮೇಲೆ ಅದನ್ನು ಅವರ ಮುಂದೆ ಹಿಡಿದೆ.

"ನಾ ಮೂಸೇನ್ರಿ. ಇದು ಇನ್ನ ದೇವರಿಗೆ ನಡ್ಯಾಂಗಿಲ್ಲ."

ಅತ್ತೆ ನನ್ನ ಮುಖ ನೋಡಿದರು, ಬಾಜೂ ಮನೆಯ ಕಂಪೌಂಡಿನ ಕಡೆ ನೋಡಿದರು. ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು ದಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಸೆರಗು ಸರಿಸಿ ಮೂಗನ್ನು ಹೂವಿನೊಳಗೆ ಇಟ್ಟರು. ಕಣ್ಣು ಮುಚ್ಚಿಕೊಂಡು ಎಷ್ಟು ಹೊತ್ತು ನಿಂತರೆಂದರೆ ನನಗೆ ಮತ್ತೆ ಕಿರಿಕಿರಿ ಶುರುವಾಯಿತು. ಆ ಹೂ ಬರೆಯಬೇಕು, ಚಿತ್ರ ಕಟ್ಟಬೇಕು, ಬಾದಾಮಿಯ ಬಸ್ಸು ಹಿಡಿಯಬೇಕು. ಕೊಡ್ರಿ ಅತ್ತಿ, ಹೊತ್ತಾತು ಎಂದೆ.

ಕೊಟ್ಟರು. ಬುಟ್ಟಿ ಎತ್ತಿಕೊಂಡು ಪೂಜೆಗೆ ಒಳಗೆ ಹೋಗುತ್ತಾ, ಹೊಸ್ತಿಲ ಹತ್ತಿರ ನಿಂತು, ನನ್ನ ಕಡೆ ತಿರುಗದೆ ಹೇಳಿದರು:

"ನಾಳಿಂದ ಒಂದನ್ನ ಮೂಸು. ಎಲ್ಲಾ ಮೂಸಬ್ಯಾಡ."